ಛಾಯೆ, ಚಾಪ, ದಿನಾಂಶ: ಪೌರುಷೀ ಸೂತ್ರದ ಗಣಿತವಿವೇಚನೆ

ಯಂತ್ರಗಡಿಯಾರಗಳಿಲ್ಲದ ಕಾಲದಲ್ಲಿ ಮುನಿಸಂಘದ ದಿನಚರ್ಯೆಯು ಬಹುಮಟ್ಟಿಗೆ ನೆರಳನ್ನು ಆಶ್ರಯಿಸಿ ನಡೆಯುತ್ತಿತ್ತು. ಹಗಲನ್ನು ನಾಲ್ಕು ಪೌರುಷಿಗಳಾಗಿ ವಿಭಾಗಿಸಿ, ಮೊದಲನೆಯದರಲ್ಲಿ ಸ್ವಾಧ್ಯಾಯ, ಎರಡನೆಯದರಲ್ಲಿ ಧ್ಯಾನ, ಮೂರನೆಯದರಲ್ಲಿ ಭಿಕ್ಷಾಚರ್ಯೆ, ನಾಲ್ಕನೆಯದರಲ್ಲಿ ಮತ್ತೆ ಸ್ವಾಧ್ಯಾಯ ಎಂದು ಉತ್ತರಾಧ್ಯಯನದ ಇಪ್ಪತ್ತಾರನೆಯ ಅಧ್ಯಯನವು ವಿಧಿಸಿದೆ. ಪೌರುಷಿಯನ್ನು ಅರಿಯುವ ಉಪಾಯವೂ ಅಲ್ಲಿಯೇ ಇದೆ. ಆಷಾಢದಲ್ಲಿ ನೆರಳು ಎರಡು ಪಾದ, ಪೌಷದಲ್ಲಿ ನಾಲ್ಕು ಪಾದ, ಚೈತ್ರ ಮತ್ತು ಆಶ್ವಯುಜಗಳಲ್ಲಿ ಮೂರು ಪಾದ; ಏಳು ಅಹೋರಾತ್ರಗಳಿಗೆ ಒಂದಂಗುಲ, ಪಕ್ಷಕ್ಕೆ ಎರಡಂಗುಲ, ಮಾಸಕ್ಕೆ ನಾಲ್ಕಂಗುಲದಂತೆ ವೃದ್ಧಿ ಅಥವಾ ಹಾನಿ. ಆರು ಮಾಸಗಳಲ್ಲಿ ಇಪ್ಪತ್ತುನಾಲ್ಕು ಅಂಗುಲ ಬೆಳೆದು ಎರಡು ಪಾದವು ನಾಲ್ಕಾಗುವುದರಿಂದ ಇಲ್ಲಿಯ ಪಾದವು ಹನ್ನೆರಡು ಅಂಗುಲದ್ದೆಂದು ತಾನಾಗಿಯೇ ತಿಳಿಯುತ್ತದೆ. ದಿಗಂಬರಾಮ್ನಾಯದ ಮೂಲಾಚಾರದಲ್ಲಿಯೂ ಸ್ವಾಧ್ಯಾಯಕಾಲವನ್ನು ನೆರಳಿನಿಂದ ನಿಶ್ಚಯಿಸುವ ವಿಧಿ ಇರುವುದು ಪಂಡಿತರಿಗೆ ವಿದಿತವೇ ಆಗಿದೆ.

ಇಂಥ ವಿಧಿಗಳ ಹಿಂದೆ ನೆರಳಿನ ಉದ್ದಕ್ಕೂ ಹಗಲಿನ ಅಂಶಕ್ಕೂ ಸಂಬಂಧ ಕಲ್ಪಿಸುವ ಒಂದು ಸೂತ್ರವು ನಮ್ಮ ಗ್ರಂಥಗಳಲ್ಲಿ ಬಹುಕಾಲ ಬಾಳಿಬಂದಿದೆ. ಅದು ಎಷ್ಟರಮಟ್ಟಿಗೆ ನಿಖರವಾದದ್ದು, ಎಲ್ಲಿ ತಪ್ಪುತ್ತದೆ, ತಪ್ಪಿದಾಗ ಯಾವ ಕಡೆಗೆ ವಾಲುತ್ತದೆ, ಹಸ್ತಪ್ರತಿಗಳ ಪಾಠನಿರ್ಣಯದಲ್ಲಿ ಅದರಿಂದ ಏನು ಪ್ರಯೋಜನ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದಕ್ಕೆ ಆಧುನಿಕ ಗಣಿತದ ಎರಡು ಪರಿಭಾಷೆಗಳ ಸಹಾಯ ಅಗತ್ಯ. ಒಂದು ಕೋಟ್ಯಾಂಜೆಂಟ್, ಇನ್ನೊಂದು ರೇಡಿಯನ್. ಹೆಸರುಗಳು ಪರಕೀಯವಾಗಿ ಕಂಡರೂ ಇವುಗಳ ವಸ್ತು ನಮ್ಮ ಪಂಡಿತರಿಗೆ ಅಪರಿಚಿತವಲ್ಲ.

ಮೊದಲು ಸೂತ್ರವನ್ನು ನೋಡೋಣ. ಸೂರ್ಯಪ್ರಜ್ಞಪ್ತಿಯಲ್ಲಿ ನೆರಳು ಅರ್ಧ ಪೌರುಷವಾಗಿರುವಾಗ ಹಗಲಿನ ಮೂರನೆಯ ಒಂದು ಭಾಗವೂ, ಒಂದು ಪೌರುಷವಾಗಿರುವಾಗ ನಾಲ್ಕನೆಯ ಒಂದು ಭಾಗವೂ, ಒಂದೂವರೆ ಪೌರುಷವಾಗಿರುವಾಗ ಐದನೆಯ ಒಂದು ಭಾಗವೂ ಕಳೆದಿರುತ್ತದೆ ಅಥವಾ ಉಳಿದಿರುತ್ತದೆ ಎಂದು ಹೇಳಿದೆ. ಇಲ್ಲಿ ಪೌರುಷವೆಂದರೆ ನೆರಳನ್ನು ಬೀರುವ ವಸ್ತುವಿನ ಎತ್ತರಕ್ಕೆ ಸಮನಾದ ಉದ್ದ. ಈ ಮೂರು ಬೆಲೆಗಳೂ ಒಂದೇ ನಿಯಮಕ್ಕೆ ಒಳಪಡುತ್ತವೆ. ನೆರಳಿನ ಪೌರುಷಸಂಖ್ಯೆಗೆ ಒಂದನ್ನು ಕೂಡಿಸಿ, ಬಂದದ್ದನ್ನು ಇಮ್ಮಡಿಸಿ, ಅದರಿಂದ ಒಂದನ್ನು ಭಾಗಿಸಬೇಕು. ಅರ್ಧಕ್ಕೆ ಒಂದು ಕೂಡಿದರೆ ಒಂದೂವರೆ, ಇಮ್ಮಡಿಸಿದರೆ ಮೂರು. ಒಂದಕ್ಕೆ ಒಂದು ಕೂಡಿದರೆ ಎರಡು, ಇಮ್ಮಡಿಸಿದರೆ ನಾಲ್ಕು. ಒಂದೂವರೆಗೆ ಒಂದು ಕೂಡಿದರೆ ಎರಡೂವರೆ, ಇಮ್ಮಡಿಸಿದರೆ ಐದು.

ಆಗಮವು ಬೆಲೆಗಳ ರೂಪದಲ್ಲಿ ಹೇಳಿದ ಇದನ್ನು ಸೂತ್ರರೂಪದಲ್ಲಿ ಹೇಳಿದವರು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು. ಕ್ರಿ.ಶ. ೮೫೦ರ ಸುಮಾರಿಗೆ ರಚಿತವಾದ ಗಣಿತಸಾರಸಂಗ್ರಹದ ಕೊನೆಯ ಅಧಿಕಾರವಾದ ಛಾಯಾವ್ಯವಹಾರದಲ್ಲಿ, ವಿಷುವಚ್ಛಾಯೆಯಿಲ್ಲದ ಸ್ಥಳಕ್ಕೆ ಸಲ್ಲುವಂತೆ ಈ ನಿಯಮವನ್ನು ಅವರು ಕೊಟ್ಟಿದ್ದಾರೆ. ವಿಷುವಚ್ಛಾಯೆಯೆಂದರೆ ಹಗಲಿರುಳುಗಳು ಸಮನಾಗಿರುವ ದಿನದ ಮಧ್ಯಾಹ್ನದಲ್ಲಿ ಬೀಳುವ ನೆರಳು. ಹನ್ನೆರಡು ಅಂಗುಲದ ಶಂಕುವಿಗೆ ಶ್ರವಣಬೆಳಗೊಳದಲ್ಲಿ ಅದು ಸುಮಾರು ಎರಡೂಮುಕ್ಕಾಲು ಅಂಗುಲ, ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟದಲ್ಲಿ ಮೂರೂಮುಕ್ಕಾಲು ಅಂಗುಲಕ್ಕೆ ಸಮೀಪ. ಆದುದರಿಂದ ಆಚಾರ್ಯರು ತಮ್ಮ ಸೂತ್ರಕ್ಕೆ ಸ್ಥಳದ ನಿಬಂಧನೆಯನ್ನು ಹಾಕಿದುದು ವಿವೇಕದ ಮಾತು. ವಿಷುವಚ್ಛಾಯೆಯುಳ್ಳ ಸ್ಥಳಗಳಿಗೆ ಅವರು ಬೇರೆ ಸೂತ್ರವನ್ನೂ ಕೊಟ್ಟಿದ್ದಾರೆ. ಎಂ. ರಂಗಾಚಾರ್ಯರ ಸಂಪಾದಕತ್ವದಲ್ಲಿ ಈ ಗ್ರಂಥವು ೧೯೧೨ರಲ್ಲಿ ಮದರಾಸಿನಿಂದ ಇಂಗ್ಲಿಷ್ ಅನುವಾದದೊಡನೆ ಪ್ರಕಟವಾಯಿತು; ಪದ್ಮಾವತಮ್ಮನವರ ಕನ್ನಡ ಅನುವಾದವು ೨೦೦೦ದಲ್ಲಿ ಹೊಂಬುಜದಿಂದ ಹೊರಬಂದಿತು.

ಇನ್ನು ಛಾಯೆಯೆಂಬುದರ ಸ್ವರೂಪ. ಶಂಕುವನ್ನು ಸಮನೆಲದ ಮೇಲೆ ನೆಟ್ಟಾಗ ಶಂಕು, ನೆರಳು ಮತ್ತು ಸೂರ್ಯಕಿರಣ ಇವು ಮೂರೂ ಸೇರಿ ಲಂಬಕೋನತ್ರಿಭುಜವಾಗುತ್ತದೆ. ನೆರಳಿನ ತುದಿಯಲ್ಲಿ ನೆಲಕ್ಕೂ ಕಿರಣಕ್ಕೂ ನಡುವೆ ಇರುವ ಕೋನವು ಸೂರ್ಯನ ಉನ್ನತಿ. ನೆರಳನ್ನು ಶಂಕುವಿನಿಂದ ಭಾಗಿಸಿದಾಗ ಬರುವ ಸಂಖ್ಯೆಯೇ ಆ ಉನ್ನತಿಕೋನದ ಕೋಟ್ಯಾಂಜೆಂಟ್. ಶಂಕುವನ್ನು ಒಂದು ಎಂದು ಎಣಿಸಿದರೆ ನೆರಳೇ ಕೋಟ್ಯಾಂಜೆಂಟ್ ಆಗುತ್ತದೆ. ಸೂರ್ಯನು ನೆತ್ತಿಯ ಮೇಲಿದ್ದಾಗ ಅದು ಸೊನ್ನೆ. ಅರ್ಧ ಎತ್ತರದಲ್ಲಿದ್ದಾಗ ಒಂದು. ಕ್ಷಿತಿಜವನ್ನು ಸಮೀಪಿಸಿದಂತೆ ಮೇರೆಯಿಲ್ಲದೆ ಬೆಳೆಯುತ್ತದೆ. ಪೌರುಷಸಂಖ್ಯೆಯೆಂದು ಆಗಮವು ಕರೆದದ್ದು ಈ ಸಂಖ್ಯೆಯನ್ನೇ. ಈ ಸಂಖ್ಯೆಗೆ ನೆರಳಿನ ಹೆಸರು ಇತರ ದೇಶಗಳಲ್ಲಿಯೂ ಇತ್ತು. ೯೨೯ರಲ್ಲಿ ಕಾಲವಾದ ಅಲ್ ಬತ್ತಾನಿಯೇ ಮೊದಲಾದ ಅರಬ್ಬೀ ಜ್ಯೋತಿಷಿಗಳು ಹನ್ನೆರಡು ಭಾಗದ ಶಂಕುವಿಗೆ ನೆರಳಿನ ಕೋಷ್ಟಕಗಳನ್ನು ರಚಿಸಿದರು. ಅವುಗಳನ್ನು ಲ್ಯಾಟಿನ್ ಭಾಷೆಗೆ ತಂದವರು ನೆರಳೆಂಬ ಅರ್ಥದ ಪದವನ್ನೇ ಬಳಸಿದರು. ಕೋಟ್ಯಾಂಜೆಂಟ್ ಎಂಬ ಹೆಸರಿನ ಮೂಲರೂಪವನ್ನು ಆಂಗ್ಲ ಗಣಿತಜ್ಞ ಎಡ್ಮಂಡ್ ಗುಂಟರನು ಬಳಕೆಗೆ ತಂದುದು ೧೬೨೦ರಲ್ಲಿ.

ಎರಡನೆಯದು ಕೋನವನ್ನು ಅಳೆಯುವ ಕ್ರಮ. ವೃತ್ತವನ್ನು ೩೬೦ ಅಂಶಗಳಾಗಿ ಹಂಚುವುದು ರೂಢಿಯ ಕ್ರಮ. ರೇಡಿಯನ್ ಕ್ರಮದಲ್ಲಿಯಾದರೋ ಚಾಪದ ಉದ್ದವನ್ನು ವ್ಯಾಸಾರ್ಧದಿಂದ ಭಾಗಿಸುತ್ತಾರೆ. ಬಂದ ಲಬ್ಧವೇ ಕೋನದ ಅಳತೆ. ವ್ಯಾಸಾರ್ಧಕ್ಕೆ ಸಮನಾದ ಚಾಪವು ಒಂದು ರೇಡಿಯನ್, ಅರ್ಧವೃತ್ತವು ೩.೧೪೧೬ ರೇಡಿಯನ್, ಕಾಲುವೃತ್ತವು ೧.೫೭೦೮. ಹೆಸರು ಅಚ್ಚಿನಲ್ಲಿ ಕಾಣಿಸಿಕೊಂಡುದು ೧೮೭೩ರಲ್ಲಿ. ಆದರೆ ಚಾಪವನ್ನೂ ವ್ಯಾಸಾರ್ಧವನ್ನೂ ಒಂದೇ ಮಾನದಲ್ಲಿ ಅಳೆಯುವ ಪದ್ಧತಿ ಬಹಳ ಹಳೆಯದು. ಆರ್ಯಭಟನು ವ್ಯಾಸಾರ್ಧವನ್ನು ೩೪೩೮ ಕಲೆಗಳೆಂದು ಇಟ್ಟುದು ಇದೇ ನ್ಯಾಯದಿಂದ. ಒಂದು ರೇಡಿಯನ್ನಿನಲ್ಲಿರುವ ಕಲೆಗಳು ಅಷ್ಟೇ.

ಲೋಕಾನುಯೋಗದ ಗ್ರಂಥಗಳನ್ನು ಓದಿದವರಿಗೆ ಈ ಪದ್ಧತಿ ನಿತ್ಯಪರಿಚಿತ. ಜಂಬೂದ್ವೀಪದ ವ್ಯಾಸ ಒಂದು ಲಕ್ಷ ಯೋಜನ. ಭರತಕ್ಷೇತ್ರದ ವಿಸ್ತಾರ, ಎಂದರೆ ಬಾಣ, ೫೨೬ ೬/೧೯ ಯೋಜನ. ಇದರಿಂದ ಜೀವಾ ೧೪೪೭೧ ೫/೧೯ ಯೋಜನಕ್ಕಿಂತ ತುಸು ಹೆಚ್ಚಾಗಿಯೂ ಧನುಃಪೃಷ್ಠವು ೧೪೫೨೮ ೧೧/೧೯ ಯೋಜನವಾಗಿಯೂ ಬರುತ್ತದೆ. ಬಾಣದ ವರ್ಗದ ಆರರಷ್ಟಕ್ಕೆ ಜೀವಾದ ವರ್ಗವನ್ನು ಕೂಡಿಸಿ ಮೂಲವನ್ನು ತೆಗೆದರೆ ಧನುಸ್ಸು ದೊರೆಯುವುದೆಂಬ ನಿಯಮ ಪ್ರಸಿದ್ಧವಾದದ್ದು. ಮಹಾವೀರಾಚಾರ್ಯರೂ ಇದನ್ನು ಸೂಕ್ಷ್ಮಗಣಿತವೆಂದು ಕೊಟ್ಟಿದ್ದಾರೆ. ಈ ಧನುಸ್ಸನ್ನು ವ್ಯಾಸಾರ್ಧವಾದ ೫೦೦೦೦ ಯೋಜನದಿಂದ ಭಾಗಿಸಿದರೆ ೦.೨೯೦೬ ಬರುತ್ತದೆ. ಅದೇ ಜೀವಾಕ್ಕೆ ಆಧುನಿಕ ರೀತಿಯಲ್ಲಿ ಲೆಕ್ಕಮಾಡಿದ ರೇಡಿಯನ್ ಅಳತೆ ೦.೨೯೦೪. ಯೋಜನಗಳಲ್ಲಿ ವ್ಯತ್ಯಾಸ ಆರಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ. ವೃತ್ತಪರಿಧಿಗೆ ವ್ಯಾಸದ ದಶಮೂಲಗುಣವನ್ನು ಹಿಡಿದ ಪರಂಪರೆಯಲ್ಲಿ ಇದು ಅಲ್ಪ ವ್ಯತ್ಯಾಸವೇ ಸರಿ. ಆದರೂ ಒಂದನ್ನು ಗಮನಿಸಬೇಕು. ನಮ್ಮ ಆಚಾರ್ಯರು ಧನುಸ್ಸನ್ನು ವ್ಯಾಸಾರ್ಧದಿಂದ ಭಾಗಿಸಿ ಆ ಲಬ್ಧಕ್ಕೆ ಕೋನವೆಂದು ಹೆಸರಿಡಲಿಲ್ಲ. ಅವರ ಮುಂದಿದ್ದುದು ಬಾಣ, ಜೀವಾ, ಧನುಸ್ಸು ಎಂಬ ಮೂರು ಉದ್ದಗಳು.

ಈಗ ಎರಡನ್ನೂ ಕೂಡಿಸಿ ನೋಡೋಣ. ವಿಷುವಚ್ಛಾಯೆಯಿಲ್ಲದ ಸ್ಥಳದಲ್ಲಿ ವಿಷುವದಿನದಂದು ಸೂರ್ಯನು ನೇರ ಪೂರ್ವದಲ್ಲಿ ಹುಟ್ಟಿ, ನೆತ್ತಿಯ ಮೇಲೆ ಹಾಯ್ದು, ನೇರ ಪಶ್ಚಿಮದಲ್ಲಿ ಮುಳುಗುತ್ತಾನೆ. ಆ ದಿನದ ಹಗಲು ಒಂದು ಅರ್ಧವೃತ್ತ. ಕಾಲವು ಕಳೆದಂತೆ ಉನ್ನತಿಯು ಸಮವೇಗದಿಂದ ಏರುತ್ತದೆ. ಆದುದರಿಂದ ಉನ್ನತಿಕೋನವನ್ನು ರೇಡಿಯನ್ನಿನಲ್ಲಿ ಅಳೆದು ೩.೧೪೧೬ರಿಂದ ಭಾಗಿಸಿದರೆ ಪೂರ್ವಾಹ್ಣದಲ್ಲಿ ಕಳೆದ ದಿನಾಂಶವು ನಿಖರವಾಗಿ ದೊರೆಯುತ್ತದೆ. ಎಂದಮೇಲೆ ನೆರಳಿನಿಂದ ದಿನಾಂಶವನ್ನು ತಿಳಿಯುವುದೆಂದರೆ, ಕೋಟ್ಯಾಂಜೆಂಟ್ ತಿಳಿದಿರುವಾಗ ರೇಡಿಯನ್ ಕೋನವನ್ನು ಕಂಡುಹಿಡಿಯುವುದೇ ಆಗಿದೆ. ಪೌರುಷೀ ಸೂತ್ರವು ಜ್ಯಾಕೋಷ್ಟಕವಿಲ್ಲದೆ, ಕೂಡುವುದು ಮತ್ತು ಭಾಗಿಸುವುದು ಇಷ್ಟರಿಂದಲೇ ಆ ಕೆಲಸವನ್ನು ಮಾಡಹೊರಟಿದೆ.

ಎಷ್ಟರಮಟ್ಟಿಗೆ ಮಾಡಿದೆ? ನೆರಳು ಸೊನ್ನೆಯಾದಾಗ ಸೂತ್ರವು ಅರ್ಧ ದಿನವೆನ್ನುತ್ತದೆ; ಸರಿ. ನೆರಳು ಶಂಕುವಿಗೆ ಸಮನಾದಾಗ ಕಾಲು ದಿನವೆನ್ನುತ್ತದೆ; ಅದೂ ಸರಿ. ನೆರಳು ಅಪರಿಮಿತವಾದಾಗ ದಿನಾಂಶ ಸೊನ್ನೆ; ಅದೂ ಸರಿ. ಉಳಿದೆಡೆಗಳಲ್ಲಿ ವ್ಯತ್ಯಾಸವಿದೆ. ಹಗಲನ್ನು ಮೂವತ್ತು ಘಳಿಗೆಗಳೆಂದು ಹಿಡಿದು ಕೆಲವು ಬೆಲೆಗಳನ್ನು ಕೆಳಗೆ ಕೊಟ್ಟಿದೆ.

ನೆರಳು ೧/೨ ಪೌರುಷ: ಸೂತ್ರದಂತೆ ೧೦ ಘಳಿಗೆ, ನಿಖರವಾಗಿ ೧೦.೫೭.
ನೆರಳು ೧ ಪೌರುಷ: ಸೂತ್ರದಂತೆ ೭.೫೦, ನಿಖರವಾಗಿ ೭.೫೦.
ನೆರಳು ೨ ಪೌರುಷ: ಸೂತ್ರದಂತೆ ೫, ನಿಖರವಾಗಿ ೪.೪೩.
ನೆರಳು ೩ ಪೌರುಷ: ಸೂತ್ರದಂತೆ ೩.೭೫; ನಿಖರವಾಗಿ ೩.೦೭.
ನೆರಳು ೮ ಪೌರುಷ: ಸೂತ್ರದಂತೆ ೧.೬೭; ನಿಖರವಾಗಿ ೧.೧೯.

ಅರ್ಧ ಪೌರುಷದಲ್ಲಿ ಸೂತ್ರವು ಎಷ್ಟು ಕಡಿಮೆ ಹೇಳುವುದೋ ಎರಡು ಪೌರುಷದಲ್ಲಿ ಅಷ್ಟೇ ಹೆಚ್ಚು ಹೇಳುತ್ತದೆ. ಇದು ಆಕಸ್ಮಿಕವಲ್ಲ. ಒಂದು ನೆರಳಿನ ದಿನಾಂಶಕ್ಕೆ ಅದರ ವ್ಯಸ್ತವಾದ ನೆರಳಿನ ದಿನಾಂಶವನ್ನು ಕೂಡಿಸಿದರೆ ಅರ್ಧ ದಿನವಾಗಬೇಕೆಂಬುದು ತ್ರಿಭುಜದ ಧರ್ಮ. ಸೂತ್ರವು ಈ ಧರ್ಮವನ್ನು ಎಲ್ಲಿಯೂ ಮೀರುವುದಿಲ್ಲ: ಎರಡು ಪೌರುಷಕ್ಕೆ ಆರನೆಯ ಒಂದು ಭಾಗ, ಅರ್ಧ ಪೌರುಷಕ್ಕೆ ಮೂರನೆಯ ಒಂದು ಭಾಗ, ಕೂಡಿದರೆ ಅರ್ಧ. ನೆರಳು ಶಂಕುವಿನ ಮೂರರಿಂದ ಮೂರೂವರೆ ಪಟ್ಟು ಇರುವಾಗ ದೋಷವು ಅತ್ಯಧಿಕ. ಆಗಲೂ ಅದು ಘಳಿಗೆಯ ಮುಕ್ಕಾಲು ಭಾಗವನ್ನು ಮುಟ್ಟದೆ ಸುಮಾರು ಹದಿನಾರು ನಿಮಿಷದಲ್ಲಿ ನಿಲ್ಲುತ್ತದೆ.

ದೋಷದ ಮೂಲವೂ ರೇಡಿಯನ್ ಅಳತೆಯಿಂದ ಸ್ಪಷ್ಟವಾಗುತ್ತದೆ. ಕೋನವು ಬಹಳ ಚಿಕ್ಕದಾದಾಗ ಅದರ ಕೋಟ್ಯಾಂಜೆಂಟ್ ಕೋನದ ವ್ಯಸ್ತಕ್ಕೆ ಬಹುತೇಕ ಸಮ. ಕೋನವನ್ನು ರೇಡಿಯನ್ನಿನಲ್ಲಿ ಅಳೆದಾಗ ಮಾತ್ರ ಹೀಗಾಗುತ್ತದೆ. ಆದುದರಿಂದ ನೀಳವಾದ ನೆರಳಿಗೆ ದಿನಾಂಶವು ನೆರಳಿನ ೩.೧೪೧೬ ಪಟ್ಟಿನ ವ್ಯಸ್ತವಾಗಿರಬೇಕು. ಸೂತ್ರದಲ್ಲಿ ಆ ಸ್ಥಾನದಲ್ಲಿರುವುದು ಎರಡು. ಕಾಲುದಿನದಲ್ಲಿಯೂ ಮಧ್ಯಾಹ್ನದಲ್ಲಿಯೂ ಸರಿಬರುವಂತೆ ಸೂತ್ರವನ್ನು ಕೂಡಿಸಿದುದರಿಂದ ಉದಯಾಸ್ತಗಳ ಬಳಿ ಈ ಬೆಲೆಯನ್ನು ತೆರಬೇಕಾಯಿತು.

ಈ ದೋಷವು ಯಾವ ಕಡೆಗೆ ವಾಲುತ್ತದೆಂಬುದು ಶ್ರಾವಕಾಚಾರದ ದೃಷ್ಟಿಯಿಂದ ವಿಚಾರಾರ್ಹ. ಬೆಳಗಿನಲ್ಲಿ ಸೂತ್ರವು ಕಳೆದ ಕಾಲವನ್ನು ಹೆಚ್ಚಾಗಿ ಹೇಳುತ್ತದೆ. ಸಂಜೆಯಲ್ಲಿ ಉಳಿದ ಕಾಲವನ್ನು ಹೆಚ್ಚಾಗಿ ಹೇಳುತ್ತದೆ. ರಾತ್ರಿಭೋಜನತ್ಯಾಗದ ವ್ರತಿಗೆ ಇದು ಅಪಾಯದ ಕಡೆ. ಸೂರ್ಯಾಸ್ತಕ್ಕೆ ಎರಡು ಘಳಿಗೆ, ಎಂದರೆ ಒಂದು ಮುಹೂರ್ತ, ಇರುವಾಗಲೇ ಆಹಾರವನ್ನು ಮುಗಿಸಬೇಕೆಂಬುದು ನಮ್ಮಲ್ಲಿ ನಡೆದುಬಂದ ಆಚಾರ. ಸೂತ್ರವನ್ನೇ ನಂಬಿದ ಶ್ರಾವಕನು ನೆರಳು ಆರೂವರೆ ಪೌರುಷವಾದಾಗ ಎರಡು ಘಳಿಗೆ ಉಳಿದಿದೆಯೆಂದು ತಿಳಿಯುತ್ತಾನೆ. ನಿಜವಾಗಿ ಉಳಿದಿರುವುದು ೧.೪೬ ಘಳಿಗೆ, ನಾಲ್ವತ್ತೆಂಟು ನಿಮಿಷಗಳ ಬದಲು ಮೂವತ್ತೈದು. ಹಾಗಿದ್ದರೂ ಅವನ ವ್ರತಕ್ಕೆ ಭಂಗವಿಲ್ಲ. ವಿಷುವದಿನದಲ್ಲಿ, ಸೂತ್ರವು ಸಲ್ಲುವ ಸ್ಥಳದಲ್ಲಿ, ದೋಷವು ಎಲ್ಲಿಯೂ ಒಂದು ಘಳಿಗೆಯನ್ನು ಮುಟ್ಟುವುದಿಲ್ಲ. ಕಾದಿರಿಸಿದ ಅವಕಾಶವೋ ಎರಡು ಘಳಿಗೆ. ಮುಹೂರ್ತದ ಅವಧಿಯನ್ನು ಈ ಲೆಕ್ಕದಿಂದಲೇ ಇಟ್ಟರೆಂದು ನಾನು ಹೇಳುವುದಿಲ್ಲ. ಆಚಾರವು ಇಟ್ಟ ಅವಕಾಶದೊಳಗೆ ಗಣಿತದ ದೋಷವು ಅಡಗುತ್ತದೆಂಬುದಷ್ಟೇ ಲೆಕ್ಕದಿಂದ ಸಿದ್ಧವಾಗುತ್ತದೆ.

ಇನ್ನು ಪಾಠನಿರ್ಣಯದ ವಿಷಯ. ಇದೇ ಸೂತ್ರದ ಬೆಲೆಗಳು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಇವೆ. ದೇಶಕಾಲಮಾನವನ್ನು ಹೇಳುವ ಎರಡನೆಯ ಅಧಿಕರಣದ ಇಪ್ಪತ್ತನೆಯ ಅಧ್ಯಾಯದಲ್ಲಿ ಹನ್ನೆರಡು ಅಂಗುಲವನ್ನು ಛಾಯಾಪೌರುಷವೆಂದು ಹೇಳಿ, ಎಂಟು ಪೌರುಷದ ನೆರಳಿಗೆ ಹದಿನೆಂಟನೆಯ ಒಂದು ಭಾಗ, ಆರಕ್ಕೆ ಹದಿನಾಲ್ಕನೆಯದು, ಎರಡಕ್ಕೆ ಆರನೆಯದು, ಒಂದಕ್ಕೆ ನಾಲ್ಕನೆಯದು, ಎಂಟಂಗುಲಕ್ಕೆ ಹತ್ತನೆಯ ಮೂರು ಭಾಗ, ನಾಲ್ಕಂಗುಲಕ್ಕೆ ಎಂಟನೆಯ ಮೂರು ಭಾಗ, ನೆರಳಿಲ್ಲದಾಗ ಮಧ್ಯಾಹ್ನ ಎಂದು ಕೊಟ್ಟಿದೆ. ಇವೆಲ್ಲವೂ ನಮ್ಮ ಸೂತ್ರಕ್ಕೆ ಒಂದಿಷ್ಟೂ ವ್ಯತ್ಯಾಸವಿಲ್ಲದೆ ಹೊಂದುತ್ತವೆ. ಎಂಟಂಗುಲವೆಂದರೆ ಪೌರುಷದ ಮೂರನೆಯ ಎರಡು ಭಾಗ. ಒಂದು ಕೂಡಿ ಇಮ್ಮಡಿಸಿದರೆ ಮೂರನೆಯ ಹತ್ತು. ಅದರ ವ್ಯಸ್ತ ಹತ್ತನೆಯ ಮೂರು. ಲೆಕ್ಕಾಚಾರದಿಂದಲೇ ಹುಟ್ಟಿದ ಬೆಲೆಗಳಿವು ಎಂಬುದರಲ್ಲಿ ಸಂದೇಹವಿಲ್ಲ.

ಆರಕ್ಕೂ ಎರಡಕ್ಕೂ ನಡುವಣ ಬೆಲೆಯೊಂದನ್ನು ಮೇಲೆ ಬಿಟ್ಟಿದ್ದೇನೆ. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ಅರ್ಥಶಾಸ್ತ್ರದ ಓಲೆಪ್ರತಿಯನ್ನು ಗುರುತಿಸಿ ೧೯೦೯ರಲ್ಲಿ ಗ್ರಂಥವನ್ನು ಪ್ರಕಟಿಸಿದ ಆರ್. ಶಾಮಶಾಸ್ತ್ರಿಗಳ ಇಂಗ್ಲಿಷ್ ಅನುವಾದದಲ್ಲಿ ನಾಲ್ಕು ಪೌರುಷಕ್ಕೆ ಎಂಟನೆಯ ಒಂದು ಭಾಗ ಎಂದಿದೆ. ಆರ್. ಪಿ. ಕಂಗ್ಲೆಯವರ ಸಂಸ್ಕರಣದಲ್ಲಿ ಮೂರು ಪೌರುಷಕ್ಕೆ ಎಂಟನೆಯ ಒಂದು ಭಾಗ ಎಂಬ ಪಾಠವಿದೆ. ಸೂತ್ರದಂತೆ ಮೂರಕ್ಕೆ ಒಂದು ಕೂಡಿ ನಾಲ್ಕು, ಇಮ್ಮಡಿಸಿದರೆ ಎಂಟು. ನಾಲ್ಕು ಪೌರುಷವಾಗಿದ್ದರೆ ಹತ್ತನೆಯ ಒಂದು ಭಾಗವಾಗಬೇಕಿತ್ತು. ಆದುದರಿಂದ ಮೂರೆಂಬ ಪಾಠವೇ ಗ್ರಾಹ್ಯ. ನಾಲ್ಕು ಹೇಗೆ ಬಂದಿರಬಹುದು? ಎಂಟು, ಆರು ಎಂದು ಎರಡೆರಡಾಗಿ ಇಳಿಯುತ್ತ ಬಂದ ಸಾಲಿನಲ್ಲಿ ಮುಂದೆ ಎರಡು ಇರುವುದನ್ನು ಕಂಡವರಿಗೆ ನಡುವೆ ನಾಲ್ಕೇ ಇರಬೇಕೆಂದು ತೋರುವುದು ಸಹಜ. ಅಕ್ಷರಸಾಮ್ಯದಿಂದ ತ್ರಿ ಎಂಬುದು ಚತುಃ ಎಂದಾಗಲಾರದು. ಸಾಲಿನ ಕ್ರಮವು ಮನಸ್ಸನ್ನು ಎಳೆದುಕೊಂಡಿರಬೇಕೆಂದು ನನಗೆ ತೋರುತ್ತದೆ. ಶಾಮಶಾಸ್ತ್ರಿಗಳ ಮಹೋಪಕಾರಕ್ಕೆ ಇದರಿಂದ ಯಾವ ಕುಂದೂ ಇಲ್ಲ; ಸಂಖ್ಯಾಪಾಠಗಳಲ್ಲಿ ಎಂಥವರೂ ಎಚ್ಚರದಿಂದಿರಬೇಕೆಂಬುದಕ್ಕೆ ಮಾತ್ರ ಇದನ್ನು ಉದಾಹರಿಸಿದೆ.

ಇದೇ ಎಚ್ಚರವು ಇನ್ನೊಂದು ದಿಕ್ಕಿನಲ್ಲಿಯೂ ಬೇಕು. ಎರಡು ಪೌರುಷಕ್ಕೆ ಸೂತ್ರವು ಆರನೆಯ ಒಂದು ಭಾಗವನ್ನು ಹೇಳುತ್ತದೆ. ನಿಖರವಾದ ಬೆಲೆ ೦.೧೪೭೬, ಇದಕ್ಕೆ ಏಳನೆಯ ಒಂದು ಭಾಗವೇ ಹೆಚ್ಚು ಸಮೀಪ. ಆಧುನಿಕ ಗಣಿತವನ್ನು ಬಲ್ಲ ಸಂಪಾದಕನೊಬ್ಬನು ಆರನ್ನು ಲಿಪಿಕಾರನ ದೋಷವೆಂದು ಎಣಿಸಿ ಏಳೆಂದು ತಿದ್ದಿದನೆನ್ನೋಣ. ಅವನು ಸತ್ಯಕ್ಕೆ ಹತ್ತಿರವಾದನು, ಗ್ರಂಥಕಾರನಿಗೆ ದೂರವಾದನು. ಪಾಠವನ್ನು ಗ್ರಂಥದ ಸ್ವಂತ ಸೂತ್ರದಿಂದ ಅಳೆಯಬೇಕು. ಸೂತ್ರವನ್ನು ಇಂದಿನ ಗಣಿತದಿಂದ ಅಳೆಯಬೇಕು. ಈ ಎರಡು ಕಾರ್ಯಗಳನ್ನು ಬೆರೆಸಿದರೆ ಪಾಠವೂ ಕೆಡುತ್ತದೆ, ಇತಿಹಾಸವೂ ಕೆಡುತ್ತದೆ. ಹಾಗೆಯೇ ಓಲೆಯ ಪ್ರತಿಯೊಂದರಲ್ಲಿ ಒಂದನ್ನು ಕೂಡಿಸಬೇಕೆಂಬ ಪದವೇ ಬಿಟ್ಟುಹೋಗಿದ್ದರೆ, ನೆರಳು ಶಂಕುವಿಗೆ ಸಮನಾದಾಗಲೇ ಅರ್ಧ ದಿನವಾಯಿತೆಂಬ ಅಸಂಗತ ಫಲ ಬರುತ್ತದೆ. ಮಧ್ಯಾಹ್ನದ ಸೊನ್ನೆ ನೆರಳು ಮತ್ತು ಕಾಲುದಿನದ ಸಮನೆರಳು, ಈ ಎರಡನ್ನು ಮನಸ್ಸಿನಲ್ಲಿಟ್ಟುಕೊಂಡರೆ ಇಂಥ ಲೋಪಗಳನ್ನು ಪ್ರತಿಯನ್ನು ಓದುತ್ತಿರುವಾಗಲೇ ಹಿಡಿಯಬಹುದು.

ಕೊನೆಯದಾಗಿ, ಈ ಸೂತ್ರದಿಂದ ಏನನ್ನು ಸಾಧಿಸಬಹುದು, ಏನನ್ನು ಸಾಧಿಸಲಾಗದು ಎಂಬುದನ್ನು ಹೇಳಬೇಕಾಗಿದೆ. ನಮ್ಮ ಪೂರ್ವಾಚಾರ್ಯರಿಗೆ ಕೋಟ್ಯಾಂಜೆಂಟ್ ಮತ್ತು ರೇಡಿಯನ್ ತಿಳಿದಿದ್ದವೆಂದು ಅಭಿಮಾನದಿಂದ ಬರೆಯುವವರುಂಟು. ಛಾಯೆಯೆಂಬ ಸಂಖ್ಯೆ ಅವರಿಗೆ ತಿಳಿದಿತ್ತು, ಅದನ್ನು ನಿತ್ಯವೂ ಬಳಸುತ್ತಿದ್ದರು, ಇದು ನಿರ್ವಿವಾದ. ಅದನ್ನು ಕೋನದ ಗುಣವೆಂದು ಅವರು ಕಂಡುದಕ್ಕೆ ಈ ಸೂತ್ರದಲ್ಲಿ ಆಧಾರವಿಲ್ಲ. ನೆರಳಿನಿಂದ ನೇರವಾಗಿ ಕಾಲಕ್ಕೆ ಹೋಗುವ ದಾರಿ ಅವರದು. ನಡುವೆ ಕೋನದ ನಿಲುಗಡೆಯಿಲ್ಲ. ಆ ಸಂಬಂಧವನ್ನು ಬೇಕಾದಷ್ಟು ಸೂಕ್ಷ್ಮವಾಗಿ ಹೇಳುವ ಶ್ರೇಢಿಯನ್ನು ಕೇರಳದ ಸಂಗಮಗ್ರಾಮದ ಮಾಧವನ ಪರಂಪರೆ ಹದಿನಾಲ್ಕನೆಯ ಶತಮಾನದಿಂದೀಚೆಗೆ ಕೊಟ್ಟಿತು. ಅದರಂತೆ ನೆರಳು ಎರಡಾಗಿರುವಾಗ ಅದರ ವ್ಯಸ್ತದಿಂದ ಹೊರಟು ೦.೫ − ೦.೦೪೧೭ + ೦.೦೦೬೨ − ೦.೦೦೧೧ + ೦.೦೦೦೨ ಎಂದು ಲೆಕ್ಕಿಸಿದರೆ ೦.೪೬೩೬ ರೇಡಿಯನ್ ಬರುತ್ತದೆ; ೩.೧೪೧೬ರಿಂದ ಭಾಗಿಸಿದರೆ ಮೇಲೆ ಹೇಳಿದ ೦.೧೪೭೬. ಪೌರುಷೀ ಸೂತ್ರಕ್ಕೂ ಈ ಶ್ರೇಢಿಗೂ ನಡುವೆ ಅನೇಕ ಶತಮಾನಗಳ ಶ್ರಮವಿದೆ. ಅದನ್ನು ಮರೆಸಿ ಹಿಂದಿನವರಿಗೆ ಎಲ್ಲವನ್ನೂ ಆರೋಪಿಸುವುದರಿಂದ ಅವರಿಗೆ ಗೌರವವಾಗದು. ಅಂಗಳದಲ್ಲಿ ನಿಂತ ಮುನಿಯು ತನ್ನ ನೆರಳನ್ನು ಅಳೆದು, ಒಂದು ಕೂಡಿಸಿ, ಇಮ್ಮಡಿಸಿ, ಹೆಚ್ಚೆಂದರೆ ಸುಮಾರು ಹದಿನಾರು ನಿಮಿಷದ ದೋಷದಿಂದ ಕಾಲವನ್ನು ಅರಿತನೆಂಬುದು ಸಾಕಷ್ಟು ದೊಡ್ಡ ಮಾತು.

ಗಣಿತಸಾರಸಂಗ್ರಹದ ಕನ್ನಡ ಲಿಪಿಯ ಪ್ರತಿಗಳನ್ನು ಪರಿಶೀಲಿಸುವ ಅವಕಾಶವುಳ್ಳ ವಿದ್ವಾಂಸರು ಛಾಯಾವ್ಯವಹಾರದ ಸಂಖ್ಯಾಪಾಠಗಳನ್ನು ಒಂದೊಂದಾಗಿ ಈ ಸೂತ್ರಕ್ಕೆ ಒರೆಹಚ್ಚಿ ನೋಡಬೇಕೆಂದು ವಿನಂತಿ. ಗ್ರಂಥದ ಕೊನೆಯ ಅಧಿಕಾರವಾದುದರಿಂದ ಅದರ ಗರಿಗಳು ಕಟ್ಟಿನ ಅಂಚಿಗೆ ಬರುತ್ತವೆ. ಹುಳುವಿಗೂ ತೇವಕ್ಕೂ ಮೊದಲು ಈಡಾಗುವುದು ಅಂಚಿನ ಗರಿಗಳೇ. ಅಕ್ಷರವು ಅಳಿದಲ್ಲಿ ಲೆಕ್ಕವು ಕೆಲವೊಮ್ಮೆ ಉಳಿದಿರುತ್ತದೆ. ಅದನ್ನು ಓದಿಕೊಳ್ಳಬೇಕಾದುದು ನಮ್ಮ ಕರ್ತವ್ಯ.